ಬೆರಳಚ್ಚಿನ ಬಿಲ್ಲು ಯಾರ ಹೆಸರಿಗೆ?

ಕ್ಯಾಲಿಫೋರ್ನಿಯಾದಲ್ಲಿ ಶಿಶುಪಾಲನೆಯ ಕೆಲಸಕ್ಕೆ ಸೇರುವ ಹೆಂಗಸು ಮಗುವನ್ನು ಎತ್ತಿಕೊಳ್ಳುವ ಮೊದಲು ಗಾಜಿನ ಹಲಗೆಯೊಂದರ ಮೇಲೆ ಹತ್ತೂ ಬೆರಳು ಒತ್ತಬೇಕು. ಲೈವ್ ಸ್ಕ್ಯಾನ್ ಎಂದು ಕರೆಯುವ ಈ ಯಂತ್ರ ಕೊರಿಯರ್ ಅಂಗಡಿಯ ಮೂಲೆಯಲ್ಲಿರಬಹುದು, ಪೊಲೀಸ್ ಠಾಣೆಯಲ್ಲಿರಬಹುದು. ಅಲ್ಲಿ ಕಟ್ಟುವ ದುಡ್ಡಿನ ಲೆಕ್ಕ ಎಷ್ಟೋ ವರ್ಷಗಳಿಂದ ಹೀಗಿದೆ: ರಾಜ್ಯದ ನ್ಯಾಯ ಇಲಾಖೆ ತನ್ನ ಕಡತ ನೋಡಲು 32 ಡಾಲರ್, ಎಫ್‌ಬಿಐ ತನ್ನದನ್ನು ನೋಡಲು 17, ಮಕ್ಕಳ ಮೇಲಿನ ದೌರ್ಜನ್ಯದ ರಾಜ್ಯ ಸೂಚಿಯಲ್ಲಿ ಹೆಸರಿದೆಯೇ ಎಂದು ಹುಡುಕಲು 15. ಒಟ್ಟು 64. ಬೆರಳು ಹಿಡಿದು ಒತ್ತಿಸಿದವನ ಕೂಲಿ ಬೇರೆ. ಅದನ್ನು ಅವನೇ ಗೊತ್ತುಮಾಡಿಕೊಳ್ಳುತ್ತಾನೆ. 2024ರ ಮೇ ತಿಂಗಳ ಸರ್ಕಾರಿ ಅಂಕಿಅಂಶದ ಪ್ರಕಾರ ಅಮೆರಿಕದಲ್ಲಿ ಶಿಶುಪಾಲಕರ ಮಧ್ಯಮ ಕೂಲಿ ಗಂಟೆಗೆ 15 ಡಾಲರ್ 41 ಸೆಂಟ್. ಅಂದರೆ ಕೆಲಸ ಸಿಗುವ ಮೊದಲೇ ನಾಲ್ಕು ಗಂಟೆಗೂ ಹೆಚ್ಚಿನ ದುಡಿಮೆ ಆ ಗಾಜಿನ ಹಲಗೆಗೆ ಸಲ್ಲುತ್ತದೆ.

ಈ ತಪಾಸಣೆಯೇ ಬೇಡ ಎನ್ನುವವರು ಆ ದೇಶದಲ್ಲಿ ಇಲ್ಲವೆಂದೇ ಹೇಳಬಹುದು. ನಾನೂ ಹಾಗೆನ್ನುವುದಿಲ್ಲ. ಇನ್ನೂ ಕುತ್ತಿಗೆ ನಿಲ್ಲದ ಕೂಸನ್ನು ದಿನಕ್ಕೆ ಒಂಬತ್ತು ಗಂಟೆ ಯಾರ ಕೈಗೆ ಕೊಡುತ್ತಿದ್ದೇವೆ ಎಂದು ಕೇಳುವ ಹಕ್ಕು ತಾಯಿತಂದೆಯರಿಗೆ ಇದ್ದೇ ಇದೆ. ನನ್ನ ತಕರಾರು ಬೇರೆ. ಪೋಷಕರು ಬೇಕೆಂದರು, ಸಂಸದರು ಬೇಕೆಂದರು, ಪೊಲೀಸರು ಬೇಕೆಂದರು. ಎಲ್ಲರೂ ಬೇಕೆಂದದ್ದರ ಖರ್ಚು ಮಾತ್ರ ಆ ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಸಂಬಳದವಳ ತಲೆಗೆ ಬಂತು. ಬರೀ ಶುಲ್ಕವಾಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಶುಲ್ಕದ ರಸೀದಿಯಲ್ಲಿ ಕಾಣದ ಖರ್ಚು ಅದಕ್ಕಿಂತ ದೊಡ್ಡದು.

ಈಗಿರುವ ರಾಷ್ಟ್ರಮಟ್ಟದ ನಿಯಮ ಬಂದದ್ದು 2014ರಲ್ಲಿ. ಬಡ ಕುಟುಂಬಗಳ ಶಿಶುಪಾಲನೆಗೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಅನುದಾನ ಕೊಡುವ ಕಾಯ್ದೆಯೊಂದು 1990ರಿಂದ ಇತ್ತು. ಅದನ್ನು ಹೊಸದಾಗಿ ಬರೆದು, ಡೆಮಾಕ್ರಾಟ್ ಪಕ್ಷದ ಬಾರ್ಬರಾ ಮಿಕುಲ್ಸ್ಕಿ ಮತ್ತು ರಿಪಬ್ಲಿಕನ್ ಪಕ್ಷದ ರಿಚರ್ಡ್ ಬರ್ ಸೆನೆಟ್‌ನಲ್ಲಿ ಒಟ್ಟಾಗಿ ಮುಂದಿಟ್ಟರು. 2014ರ ನವೆಂಬರ್ 19ರಂದು ಒಬಾಮ ಸಹಿ ಹಾಕಿದರು. ಎರಡು ಪಕ್ಷಗಳೂ ಕೈಜೋಡಿಸಿದ ಆ ಕಾಲದ ಅಪರೂಪದ ಮಸೂದೆಗಳಲ್ಲಿ ಇದೂ ಒಂದು. ಅನುದಾನ ಬೇಕಾದರೆ ರಾಜ್ಯಗಳು ಶಿಶುಪಾಲಕರ ಪೂರ್ವಾಪರವನ್ನು ಹೀಗೆ ಹೀಗೆ ನೋಡಲೇಬೇಕು ಎಂದು ಅದು ವಿಧಿಸಿತು. ಬೆರಳಚ್ಚಿನ ಮೂಲಕ ಎಫ್‌ಬಿಐ ದಾಖಲೆ. ರಾಷ್ಟ್ರೀಯ ಲೈಂಗಿಕ ಅಪರಾಧಿಗಳ ಪಟ್ಟಿ. ವಾಸವಿರುವ ರಾಜ್ಯದ ಅಪರಾಧ ದಾಖಲೆ, ಲೈಂಗಿಕ ಅಪರಾಧಿಗಳ ಪಟ್ಟಿ, ಮಕ್ಕಳ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ನೋಂದಣಿ. ಕಳೆದ ಐದು ವರ್ಷಗಳಲ್ಲಿ ಬೇರೆ ರಾಜ್ಯದಲ್ಲಿ ಇದ್ದಿದ್ದರೆ ಅಲ್ಲಿಯೂ ಈ ಮೂರು. ಎಣಿಸಿದರೆ ಎಂಟು ಬಗೆಯ ಹುಡುಕಾಟ, ಐದು ವರ್ಷಕ್ಕೊಮ್ಮೆಯಾದರೂ ಮತ್ತೆ ಮೊದಲಿನಿಂದ.

ಯಾರಿಗೆಲ್ಲ ಇದು ಅನ್ವಯ ಎಂಬುದನ್ನು ಗಮನಿಸಬೇಕು. ಅನುದಾನ ಪಡೆಯುವವರಿಗಷ್ಟೇ ಅಲ್ಲ, ಪರವಾನಗಿ ಪಡೆದ ಎಲ್ಲ ಕೇಂದ್ರಗಳಿಗೂ. ಶಿಕ್ಷಕಿಗಷ್ಟೇ ಅಲ್ಲ, ಮೇಲ್ವಿಚಾರಣೆ ಇಲ್ಲದೆ ಮಕ್ಕಳ ಹತ್ತಿರ ಸುಳಿಯುವ ಅಡುಗೆಯವನಿಗೂ, ವ್ಯಾನ್ ಚಾಲಕನಿಗೂ. ಮನೆಯಲ್ಲೇ ಡೇಕೇರ್ ನಡೆಸುವುದಾದರೆ ಆ ಮನೆಯಲ್ಲಿ ವಾಸಿಸುವ, ಹದಿನೆಂಟು ದಾಟಿದ ಪ್ರತಿಯೊಬ್ಬರಿಗೂ. ಕೊಲೆ, ಮಕ್ಕಳ ಮೇಲಿನ ಅಪರಾಧ, ಅತ್ಯಾಚಾರ, ಅಪಹರಣ, ಬೆಂಕಿ ಹಚ್ಚುವುದು, ಸಂಗಾತಿಯ ಮೇಲಿನ ಹಿಂಸೆ ಮುಂತಾದ ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾಗಿದ್ದರೆ ಬಾಗಿಲು ಮುಚ್ಚಿತು. ಮಾದಕವಸ್ತುವಿನ ಗಂಭೀರ ಪ್ರಕರಣವಾದರೆ ಐದು ವರ್ಷದೊಳಗಿನದ್ದು ಮಾತ್ರ ಲೆಕ್ಕ. ಕೆಲಸ ಕೊಡುವ ಕೇಂದ್ರಕ್ಕೆ ರಾಜ್ಯ ಹೇಳುವುದು ಅರ್ಹಳೋ ಅಲ್ಲವೋ ಎಂದಷ್ಟೇ. ಏನಾಗಿತ್ತು, ಯಾವಾಗ ಎಂಬ ವಿವರ ಅವಳಿಗೆ ಮಾತ್ರ ಹೋಗುತ್ತದೆ, ಮೇಲ್ಮನವಿಗೂ ದಾರಿ ಇದೆ. ಇಷ್ಟರಮಟ್ಟಿಗೆ ಚೆನ್ನಾಗಿ ಯೋಚಿಸಿ ಬರೆದ ಕಾನೂನು. ತಾನು ನೋಡಿಕೊಳ್ಳುವ ಮಕ್ಕಳೆಲ್ಲರಿಗೂ ನೆಂಟರಾದವರನ್ನು, ಅಂದರೆ ಮೊಮ್ಮಕ್ಕಳನ್ನಷ್ಟೇ ನೋಡಿಕೊಳ್ಳುವ ಅಜ್ಜಿಯಂಥವರನ್ನು, ಅದು ಮುಟ್ಟುವುದಿಲ್ಲ.

ಈ ತಪಾಸಣೆಯ ಹಣದ ಮಾತು ಆ ಕಾನೂನಿನಲ್ಲಿ ಒಂದೇ ಕಡೆ, ಒಂದೇ ವಾಕ್ಯದಲ್ಲಿ ಬರುತ್ತದೆ: ರಾಜ್ಯ ವಿಧಿಸುವ ಶುಲ್ಕ ಈ ಕೆಲಸಕ್ಕೆ ರಾಜ್ಯಕ್ಕೆ ತಗಲುವ ನಿಜವಾದ ಖರ್ಚನ್ನು ಮೀರಬಾರದು. ಓದಿದರೆ ರಕ್ಷಣೆ ಕೊಡುವ ವಾಕ್ಯದಂತೆ ಕಾಣುತ್ತದೆ. ಖರ್ಚು ಎಷ್ಟಿರಬಹುದು ಎಂದು ಹೇಳಿದ ಕಾನೂನು, ಅದನ್ನು ಯಾರು ಕಟ್ಟಬೇಕು ಎಂದು ಹೇಳಲೇ ಇಲ್ಲ. ಅನುದಾನದ ಹಣದಿಂದ ರಾಜ್ಯಗಳೇ ಭರಿಸಬಹುದು, ಭರಿಸಲೇಬೇಕೆಂದಿಲ್ಲ. ಹಾಗಾಗಿ ಒಂದು ರಾಜ್ಯದಲ್ಲಿ ಸರ್ಕಾರ ಕಟ್ಟುತ್ತದೆ, ಪಕ್ಕದ ರಾಜ್ಯದಲ್ಲಿ ಶಿಶುಕೇಂದ್ರ ಕಟ್ಟುತ್ತದೆ, ಅದರಾಚೆ ಕೆಲಸಗಾರ್ತಿಯೇ ಕಟ್ಟುತ್ತಾಳೆ. ಕೆಲವು ಕೇಂದ್ರಗಳದ್ದು ಇನ್ನೊಂದು ಜಾಣತನ: ಮೊದಲು ನೀನೇ ಕಟ್ಟು, ಇಷ್ಟು ತಿಂಗಳು ಬಿಡದೆ ದುಡಿದರೆ ವಾಪಸು ಕೊಡುತ್ತೇವೆ.

ಇದೇ ದೇಶದ ಇನ್ನೊಂದು ಕಾನೂನನ್ನು ಪಕ್ಕದಲ್ಲಿಟ್ಟು ಓದಿದರೆ ವಿಚಿತ್ರವೆನಿಸುತ್ತದೆ. ಮಕ್ಕಳ ಮೇಲಿನ ಅಪರಾಧ ಎಸಗಿದವರ ರಾಷ್ಟ್ರೀಯ ದಾಖಲೆ ಬೇಕೆಂದು ಟಿವಿಯ ಓಪ್ರಾ ವಿನ್‌ಫ್ರೀ 1991ರ ನವೆಂಬರಿನಲ್ಲಿ ಸೆನೆಟ್ ಸಮಿತಿಯ ಮುಂದೆ ಕೂತು ಸಾಕ್ಷ್ಯ ನುಡಿದಿದ್ದರು. ಅದರ ಫಲವಾಗಿ 1993ರ ಡಿಸೆಂಬರಿನಲ್ಲಿ ಕ್ಲಿಂಟನ್ ಸಹಿ ಮಾಡಿದ ರಾಷ್ಟ್ರೀಯ ಮಕ್ಕಳ ರಕ್ಷಣಾ ಕಾಯ್ದೆಗೆ ಜನ ಓಪ್ರಾ ಮಸೂದೆ ಎಂದೇ ಹೆಸರಿಟ್ಟರು. ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರ ಬೆರಳಚ್ಚು ತಪಾಸಣೆಗೆ ಎಫ್‌ಬಿಐ ಆಗಲಿ ರಾಜ್ಯವಾಗಲಿ 18 ಡಾಲರಿಗಿಂತ ಹೆಚ್ಚು ಕೇಳಕೂಡದು, ಶುಲ್ಕಕ್ಕೆ ಹೆದರಿ ಯಾರೂ ಸೇವೆಯಿಂದ ಹಿಂದೆ ಸರಿಯುವಂತಾಗಬಾರದು ಎಂದು ಅದರಲ್ಲಿತ್ತು. ವಾರಕ್ಕೊಂದು ಸಂಜೆ ಹುಡುಗರಿಗೆ ಬೇಸ್‌ಬಾಲ್ ಹೇಳಿಕೊಡುವ, ಒಳ್ಳೆಯ ನೌಕರಿಯಲ್ಲಿರುವ ವಕೀಲರು ಹಿಂದೆ ಸರಿಯಬಾರದೆಂಬ ಕಾಳಜಿ ಸಂಸತ್ತಿಗಿತ್ತು. ದಿನವಿಡೀ ಡಯಾಪರ್ ಬದಲಿಸಿ ಬಾಡಿಗೆ ಕಟ್ಟಬೇಕಾದವಳು ಹಿಂದೆ ಸರಿದಾಳೆಂಬ ಯೋಚನೆ ಬರಲಿಲ್ಲ. ಅವಳಿಗೆ ಸಂಬಳ ಬರುತ್ತದಲ್ಲ!

ಇನ್ನೂ ಹಿಂದೆ ಹೋದರೆ ಈ ತಪಾಸಣೆಯ ಬೇರು ಸಿಗುವುದು ಒಂದು ಹುಯಿಲಿನಲ್ಲಿ. 1983ರಲ್ಲಿ ಲಾಸ್ ಏಂಜಲೀಸ್ ಬಳಿಯ ಮ್ಯಾನ್‌ಹ್ಯಾಟನ್ ಬೀಚ್‌ನ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪ ಬಂತು. ದೇಶವೇ ಬೆಚ್ಚಿತು. ಮರುವರ್ಷ ಸಂಸತ್ತು ಶಿಶುಪಾಲಕರ ತರಬೇತಿಗೆಂದು ರಾಜ್ಯಗಳಿಗೆ 2.5 ಕೋಟಿ ಡಾಲರ್ ಕೊಟ್ಟು, ಜೊತೆಗೆ ಸಿಬ್ಬಂದಿಯ ಅಪರಾಧ ದಾಖಲೆ ನೋಡುವ ಕ್ರಮ ರೂಪಿಸಿಕೊಳ್ಳಿ ಎಂಬ ಷರತ್ತು ಸೇರಿಸಿತು. ಮ್ಯಾಕ್‌ಮಾರ್ಟಿನ್ ಮೊಕದ್ದಮೆ ಏಳು ವರ್ಷ ಎಳೆದು, ಸುಮಾರು ಒಂದೂವರೆ ಕೋಟಿ ಡಾಲರ್ ನುಂಗಿ, 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಮಕ್ಕಳನ್ನು ಪ್ರಶ್ನಿಸಿದ ರೀತಿಯೇ ಅವರ ಬಾಯಲ್ಲಿ ಉತ್ತರ ಇಟ್ಟಂತಿತ್ತು ಎಂದು ಇವತ್ತು ಮನಃಶಾಸ್ತ್ರದ ತರಗತಿಗಳಲ್ಲಿ ಪಾಠ ಮಾಡುತ್ತಾರೆ. ಬೆರಳಚ್ಚು ತಪಾಸಣೆಯಿಂದ ಆ ಪ್ರಕರಣದಲ್ಲಿ ಏನೂ ಬದಲಾಗುತ್ತಿರಲಿಲ್ಲ. ಆದರೂ ಭಯದ ಗಳಿಗೆಯಲ್ಲಿ ಬರೆದ ನಿಯಮಗಳು ಉಳಿದವು. ನಿಯಮ ಬರೆಯುವುದಕ್ಕೆ ಖರ್ಚಿಲ್ಲವಲ್ಲ, ನಡೆಸುವುದಕ್ಕೆ ಖರ್ಚು.

ಆ ಖರ್ಚಿನ ಒಳಗೆ ಇನ್ನೊಂದು ಪದರವಿದೆ. 1990ರ ಒಂದು ಕಾನೂನು ಎಫ್‌ಬಿಐಗೆ ಅಪರಾಧ ತನಿಖೆಯಲ್ಲದ ಉದ್ದೇಶಕ್ಕೆ ಬೆರಳಚ್ಚು ನೋಡಿಕೊಟ್ಟರೆ ಶುಲ್ಕ ಪಡೆಯುವ ಅಧಿಕಾರ ಕೊಟ್ಟಿತು. ಆ ಕೆಲಸದ ವೆಚ್ಚದ ಜೊತೆಗೆ, ಬೆರಳಚ್ಚು ವ್ಯವಸ್ಥೆಯ ಗಣಕೀಕರಣಕ್ಕೂ ಒಂದಿಷ್ಟು ಸೇರಿಸಿಕೊಳ್ಳಬಹುದೆಂದು ಅದರಲ್ಲಿತ್ತು. ಪಶ್ಚಿಮ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಎಫ್‌ಬಿಐ ಕಟ್ಟಿಕೊಂಡ ಬೆರಳಚ್ಚು ಗಣಕ 1999ರಲ್ಲಿ ಶುರುವಾಯಿತು, 2014ರ ಹೊತ್ತಿಗೆ ಅದರ ಹೊಸ ತಲೆಮಾರೇ ಬಂತು. ದೇಶದ ಪೊಲೀಸರೆಲ್ಲ ಬಳಸುವ ಈ ಯಂತ್ರಕ್ಕೆ ಶಾಲಾ ಬಸ್ಸಿನ ಚಾಲಕ, ದಾದಿ, ಶಿಶುಪಾಲಕಿ ಕಟ್ಟಿದ ಶುಲ್ಕದಲ್ಲೂ ಪಾಲು ಹೋಗುವ ವ್ಯವಸ್ಥೆ. ಆ ಯಂತ್ರದ ಮೂಲಪುರುಷರು ನಮ್ಮವರೇ ಎಂಬುದು ಅಮೆರಿಕದಲ್ಲಿ ಬೆರಳು ಒತ್ತುವ ಕನ್ನಡಿಗರಿಗೆ ಗೊತ್ತಿರಲಿ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆದಾಗ, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ನೌಕರರು ಬೆರಳ ಗೆರೆಗಳನ್ನು ವರ್ಗೀಕರಿಸುವ ಗಣಿತ ಕಂಡುಹಿಡಿದರು. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯವರದ್ದಾಯಿತು. ಎಫ್‌ಬಿಐ ಗಣಕ ಬರುವ ತನಕ ದಶಕಗಳ ಕಾಲ ತನ್ನ ಕೋಟ್ಯಂತರ ಕಾರ್ಡುಗಳನ್ನು ಜೋಡಿಸಿಟ್ಟುಕೊಂಡದ್ದು ಹೆನ್ರಿ ಪದ್ಧತಿಯ ಮೇಲೆಯೇ. ದುಡಿದವರೊಬ್ಬರು, ಲಾಭ ಪಡೆದವರು ಇನ್ನೊಬ್ಬರು ಎಂಬ ಪರಂಪರೆಗೂ ಆಗಲೇ ಅಸ್ತಿಭಾರ ಬಿತ್ತೇನೋ.

ಕ್ಯಾಲಿಫೋರ್ನಿಯಾದ ಕಾನೂನು ಪುಸ್ತಕದಲ್ಲಿ ಒಂದು ಸಣ್ಣ ಕಥೆ ಇದೆ, ಈ ಇಡೀ ವಿಷಯ ಅದರಲ್ಲಿ ಅಡಗಿದೆ. ಆರು ಅಥವಾ ಅದಕ್ಕಿಂತ ಕಡಿಮೆ ಮಕ್ಕಳನ್ನು ನೋಡಿಕೊಳ್ಳುವವರಿಂದ, ಮನೆಯಲ್ಲೇ ಡೇಕೇರ್ ನಡೆಸಲು ಅರ್ಜಿ ಹಾಕುವವರಿಂದ ರಾಜ್ಯ ಬೆರಳಚ್ಚಿನ ಶುಲ್ಕ ಪಡೆಯುವಂತಿಲ್ಲ ಎಂದು ಅಲ್ಲಿಯ ಆರೋಗ್ಯ ಮತ್ತು ಸುರಕ್ಷತಾ ಸಂಹಿತೆ ಹೇಳುತ್ತಿತ್ತು. ಒಳ್ಳೆಯ ಮನಸ್ಸಿನವರು ಯಾರೋ ಬರೆಸಿದ್ದು. 2003-04ರಲ್ಲಿ ರಾಜ್ಯದ ಖಜಾನೆ ಬರಿದಾಗಿತ್ತು. ಆಗ ಆ ವಾಕ್ಯದ ಮುಂದೆ ‘ಈ ಆರ್ಥಿಕ ವರ್ಷವನ್ನು ಬಿಟ್ಟು’ ಎಂಬ ಅರ್ಥದ ಮಾತು ಸೇರಿಕೊಂಡಿತು. ಮುಂದೆ ಆ ಅವಧಿ ಹಿಗ್ಗಿತು. ಆಮೇಲೆ ಮತ್ತೆ. 2016-17ರ ತನಕ ಬಿಟ್ಟ ವರ್ಷಗಳೇ ಆದವು! ಅಷ್ಟರಲ್ಲಿ ರಾಜ್ಯದ ಖಜಾನೆ ತುಂಬಿ, ಖಾಲಿಯಾಗಿ, ಮತ್ತೆ ತುಂಬಿತ್ತು. ಆ ವರ್ಷಗಳಲ್ಲಿ ರಿಯಾಯಿತಿ ಪುಸ್ತಕದಲ್ಲಿ ಇತ್ತು, ತೆಗೆದುಹಾಕಿರಲಿಲ್ಲ, ಆದರೆ ಜಾರಿಯಲ್ಲಿರಲಿಲ್ಲ. ಬಜೆಟ್ ಸಮತೋಲನದ ಹೆಸರಿನಲ್ಲಿ ಮನೆಯ ಹಜಾರದಲ್ಲಿ ಆರು ಮಕ್ಕಳನ್ನು ಮಲಗಿಸುವ ಹೆಂಗಸು ಜಗತ್ತಿನ ಅತಿ ದೊಡ್ಡ ಆರ್ಥಿಕತೆಗಳಲ್ಲೊಂದಾದ ರಾಜ್ಯಕ್ಕೆ ಕೈಸಾಲ ಕೊಟ್ಟಂತಾಯಿತು.

ಮನೆ ಡೇಕೇರ್ ನಡೆಸುವವಳಿಗೆ ಕಟ್ಟಿಕೊಡುವ ಮಾಲೀಕನೂ ಇಲ್ಲ, ಅವಳೇ ಮಾಲೀಕಳು. ಬೇ ಏರಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಎಷ್ಟೋ ಕನ್ನಡದ ಕುಟುಂಬಗಳಿಗೆ ಈ ಬಗೆಯ ಮನೆಗಳ ಪರಿಚಯ ಇದೆ. ಮಧ್ಯಾಹ್ನ ಅನ್ನ ಸಾರು ತಿನ್ನಿಸುತ್ತಾರೆ, ಮಗುವಿನ ಜೊತೆ ನಮ್ಮ ಭಾಷೆ ಆಡುತ್ತಾರೆ ಎಂದು ಹುಡುಕಿಕೊಂಡು ಹೋಗುತ್ತಾರೆ. 2015ರ ಮೇ ತಿಂಗಳಿಂದ ಎಚ್-4 ವೀಸಾದ ಕೆಲವು ಸಂಗಾತಿಗಳಿಗೆ ಕೆಲಸದ ಅನುಮತಿ ಸಿಗತೊಡಗಿದ ಮೇಲೆ ಭಾರತದ ಹೆಂಗಸರಿಗೆ ಇಂಥ ಡೇಕೇರನ್ನು ತಾವೇ ಕಾನೂನುಬದ್ಧವಾಗಿ ನಡೆಸುವ ದಾರಿಯೂ ತೆರೆಯಿತು. ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ, ಹೆಂಡತಿ, ಹತ್ತೊಂಬತ್ತರ ಮಗ, ಖಾಯಂ ಬಂದು ನೆಲೆಸಿದ ಅತ್ತೆ ಮಾವ. ಐದು ಜನ, ಐದು ಸಲ ಬೆರಳಚ್ಚು. ತಲೆಗೆ 64ರಂತೆ 320 ಡಾಲರ್, ಬೆರಳು ಒತ್ತಿಸುವ ಕೂಲಿ ಪ್ರತ್ಯೇಕ. ಪರವಾನಗಿ ಶುಲ್ಕ, ವಿಮೆ, ಹೊಗೆ ಸೂಚಕ, ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿ ಇದರ ಮೇಲೆ. ಮೊದಲ ಮಗು ಹೊಸ್ತಿಲು ದಾಟುವ ಮೊದಲೇ ಇಷ್ಟು ಹೋಗಿರುತ್ತದೆ.

ಮಾವನವರು ಹೊಲದಲ್ಲಿ ದುಡಿದವರಾದರೆ ಇನ್ನೊಂದು ಪೇಚು. ಕೈಕೆಲಸ ಮಾಡಿದವರ, ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ, ಸ್ಕ್ಯಾನರ್ ಒಪ್ಪುವುದಿಲ್ಲ. ಮತ್ತೆ ಹೋಗಬೇಕು, ಒತ್ತಿಸುವವನು ಸಾಮಾನ್ಯವಾಗಿ ಮತ್ತೆ ಕೂಲಿ ಕೇಳುತ್ತಾನೆ. ಎರಡು ಸಲ ತಿರಸ್ಕಾರವಾದರೆ ಮಾತ್ರ ಎಫ್‌ಬಿಐ ಹೆಸರಿನ ಆಧಾರದ ಮೇಲೆ ಹುಡುಕಲು ಒಪ್ಪುತ್ತದೆ. ಹೆಸರಿನಿಂದ ಹುಡುಕುವುದೆಂದರೆ ನಮ್ಮವರ ವಿಷಯದಲ್ಲಿ ಅದು ಬೇರೆಯದೇ ಗೋಜಲು. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಾಗಿ ಮುಂದೆ ಕೂತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಸೇರಿಸಿ ‘ಮೊದಲ ಹೆಸರು ಗೊತ್ತಿಲ್ಲ’ ಎಂದುಬಿಡುತ್ತದೆ. ಸಂದರ್ಶಕ ವೀಸಾದಲ್ಲಿ ಆರು ತಿಂಗಳಿಗೆಂದು ಬಾಣಂತನಕ್ಕೋ ಮೊಮ್ಮಗನನ್ನು ನೋಡಲೋ ಬರುವ ತಂದೆತಾಯಿ ಅತಿಥಿಗಳೋ ವಾಸಿಗಳೋ ಎಂಬ ಪ್ರಶ್ನೆಯೂ ಇಂಥ ಮನೆಯಲ್ಲಿ ಏಳುತ್ತದೆ. ಪರವಾನಗಿ ಅಧಿಕಾರಿಯನ್ನು ಅವರ ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಕ್ಷೇಮ. ತಪಾಸಣೆಗೆ ಬಂದ ದಿನ ವಿವರಣೆ ಕೊಡುವುದು ಕಷ್ಟ.

ರಸೀದಿಯಲ್ಲಿ ಕಾಣದ ಖರ್ಚು ಎಂದೆನಲ್ಲ, ಅದು ಕಾಯುವಿಕೆ. ಅರ್ಜಿ ಬಂದ 45 ದಿನದೊಳಗೆ ರಾಜ್ಯ ಫಲಿತಾಂಶ ಹೇಳಬೇಕು ಎಂದು ಕಾನೂನಿದೆ. ಗಂಟೆಗೆ ಹದಿನೈದು ಡಾಲರಿನ ಕೆಲಸಕ್ಕಾಗಿ ಒಂದೂವರೆ ತಿಂಗಳು ಕೈಕಟ್ಟಿ ಕೂರಬಲ್ಲವರು ಯಾರು? ಪಕ್ಕದ ಗೋದಾಮಿನಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ನಾಳೆಯಿಂದಲೇ ಬಾ ಎನ್ನುತ್ತಾರೆ, ಸಂಬಳವೂ ಒಂದು ಕೈ ಮೇಲೆಯೇ ಇರುತ್ತದೆ. ಶಿಶುಕೇಂದ್ರ ಆರಿಸಿಕೊಂಡ ಒಳ್ಳೆಯ ಅಭ್ಯರ್ಥಿ ಫಲಿತಾಂಶ ಬರುವಷ್ಟರಲ್ಲಿ ಅಲ್ಲಿ ಪೆಟ್ಟಿಗೆ ಜೋಡಿಸುತ್ತಿರುತ್ತಾಳೆ. ಅವಳ ತಪಾಸಣೆಗೆ ಕಟ್ಟಿದ ಹಣ ವ್ಯರ್ಥ, ಹೊಸಬಳಿಗೆ ಮತ್ತೆ ಕಟ್ಟಬೇಕು. ಕೆಲಸ ಬಿಡುವವರು ಹೆಚ್ಚಿರುವ ಕಸುಬಿನಲ್ಲಿ ಈ ಗಾಣ ನಿಲ್ಲುವುದೇ ಇಲ್ಲ. ಎಫ್‌ಬಿಐ ಅಥವಾ ರಾಜ್ಯದ ಬೆರಳಚ್ಚು ತಪಾಸಣೆಯಲ್ಲಿ ಒಂದಾದರೂ ಮುಗಿದಿದ್ದರೆ, ಪೂರ್ತಿ ತಪಾಸಣೆಯಾದ ಇನ್ನೊಬ್ಬರ ಕಣ್ಗಾವಲಿನಲ್ಲಿ ತಾತ್ಕಾಲಿಕವಾಗಿ ಕೆಲಸಕ್ಕೆ ಸೇರಿಸಿಕೊಳ್ಳಬಹುದು ಎಂಬ ಕಿಂಡಿಯೇನೋ ಇದೆ. ಆದರೆ ಕಣ್ಗಾವಲಿಗೆ ಇನ್ನೊಬ್ಬಳು ಬೇಕಲ್ಲ? ಅವಳು ಇಲ್ಲವೆಂದೇ ಇವಳನ್ನು ಕರೆದದ್ದು. ಕೋವಿಡ್ ಕಾಲದಲ್ಲಿ ಮುಚ್ಚಿಹೋಗುತ್ತಿದ್ದ ಶಿಶುಕೇಂದ್ರಗಳನ್ನು ನಿಲ್ಲಿಸಲು 2021ರಲ್ಲಿ ಕೇಂದ್ರ ಸರ್ಕಾರ 2,400 ಕೋಟಿ ಡಾಲರ್ ಕೊಟ್ಟಿತು. ಆ ನೆರವು 2023ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಇಂಥ ಪ್ರತಿ ಸಣ್ಣ ಖರ್ಚೂ ಮತ್ತೆ ಎದ್ದು ಕಾಣತೊಡಗಿತು.

ರಾಜ್ಯದಿಂದ ರಾಜ್ಯಕ್ಕೆ ಬಂದವರ ಪಾಡು ಇನ್ನೊಂದು. ಗಂಡನ ಪ್ರಾಜೆಕ್ಟ್ ಹಿಂದೆ ಎರಡು ವರ್ಷ ಟೆಕ್ಸಸ್, ಒಂದೂವರೆ ವರ್ಷ ನ್ಯೂಜೆರ್ಸಿ, ಈಗ ವಾಷಿಂಗ್ಟನ್ ಎಂದು ಅಲೆದವಳಿಗೆ ಹಿಂದಿನ ಎರಡು ರಾಜ್ಯಗಳಿಂದ ತಲಾ ಮೂರು ಉತ್ತರ ಬರಬೇಕು. ಒಂದೊಂದು ರಾಜ್ಯಕ್ಕೆ ಒಂದೊಂದು ಅರ್ಜಿ ನಮೂನೆ, ಒಂದೊಂದು ದರ. ಕೆಲವು ಕಡೆ ನೋಟರಿಯ ಮೊಹರು ಬೇಕು. ಕೆಲವು ರಾಜ್ಯಗಳು ಬೇರೆ ರಾಜ್ಯದ ಶಿಶುಪಾಲನಾ ಇಲಾಖೆಗೆ ತಮ್ಮ ದಾಖಲೆ ತೋರಿಸಲು ತಮ್ಮದೇ ಕಾನೂನು ಅಡ್ಡಿ ಎನ್ನುತ್ತವೆ. ಮಕ್ಕಳ ದೌರ್ಜನ್ಯದ ರಾಷ್ಟ್ರೀಯ ನೋಂದಣಿಯೊಂದನ್ನು ಕಟ್ಟಬೇಕೆಂದು 2006ರ ಆಡಮ್ ವಾಲ್ಶ್ ಕಾಯ್ದೆಯಲ್ಲೇ ಇದೆ, ಕಟ್ಟಿಲ್ಲ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಕಡತ ಪೊಲೀಸರ ಗಣಕದಲ್ಲಿದೆ, ಶಿಶುಪಾಲನಾ ಇಲಾಖೆಗೆ ನೇರ ಪ್ರವೇಶವಿಲ್ಲದ ಕಡೆ ಅವರ ಕೈಕಾಲು ಹಿಡಿಯಬೇಕು. 2017ರ ಸೆಪ್ಟೆಂಬರ್ 30ಕ್ಕೆ ಎಲ್ಲ ರಾಜ್ಯಗಳೂ ಸಿದ್ಧವಾಗಬೇಕಿತ್ತು. ಹಲವು ರಾಜ್ಯಗಳಿಗೆ ಆಗಲಿಲ್ಲ. ಗಡುವು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ರಾಜ್ಯಗಳು ತಡ ಮಾಡಿದರೆ ಗಡುವು ಸರಿಯುತ್ತದೆ. ಅದೇ ಕಾರಣಕ್ಕೆ ಉತ್ತರ ತಡವಾದರೆ ಶಿಶುಪಾಲಕಿಯ ಮನೆಬಾಡಿಗೆಯ ದಿನಾಂಕ ಸರಿಯುವುದಿಲ್ಲ.

ಇಷ್ಟು ಕಟ್ಟಿ ಇಷ್ಟು ಕಾದು ಕೊಂಡದ್ದು ಎಂಥ ಸರಕು ಎಂದೂ ನೋಡಬೇಕಲ್ಲ. 2006ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಕಚೇರಿಯೇ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಎಫ್‌ಬಿಐ ದಾಖಲೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಪ್ರಕರಣದ ಕೊನೆ ಏನಾಯಿತು ಎಂಬ ಮಾಹಿತಿಯೇ ಇಲ್ಲ ಎಂದು ಒಪ್ಪಿಕೊಂಡಿತು. ಬಂಧನವಾದದ್ದು ದಾಖಲಾಗಿದೆ, ಖುಲಾಸೆಯಾದದ್ದು ದಾಖಲಾಗಿಲ್ಲ. ಇಪ್ಪತ್ತು ವರ್ಷದ ಹಿಂದಿನ ಕೇಸು ವಜಾ ಆಗಿತ್ತು ಎಂಬ ನ್ಯಾಯಾಲಯದ ಪ್ರತಿಯನ್ನು ಅರ್ಜಿದಾರಳೇ ಹುಡುಕಿ ತರಬೇಕಾಗುತ್ತದೆ. ಅದಕ್ಕೊಂದು ನಕಲು ಶುಲ್ಕ, ಒಂದು ದಿನದ ರಜೆ. ಕಪ್ಪು ಜನರು, ಲ್ಯಾಟಿನೋಗಳು ಹೆಚ್ಚು ಬಂಧನಕ್ಕೊಳಗಾಗುವ ದೇಶದಲ್ಲಿ, ಅದೇ ಸಮುದಾಯಗಳ ಹೆಂಗಸರು ದೊಡ್ಡ ಸಂಖ್ಯೆಯಲ್ಲಿರುವ ಕಸುಬಿನಲ್ಲಿ, ಈ ಹೊರೆ ಯಾರ ಮೇಲೆ ಹೆಚ್ಚು ಬೀಳುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇತ್ತ ಎಂದೂ ಸಿಕ್ಕಿಬೀಳದ ದುಷ್ಟನ ಬೆರಳಚ್ಚು ಶುದ್ಧವಾಗಿಯೇ ಬರುತ್ತದೆ. ಭಾರತದಲ್ಲಿ ಏನು ಮಾಡಿ ಬಂದಿದ್ದರೂ ಎಫ್‌ಬಿಐ ಗಣಕಕ್ಕೆ ತಿಳಿಯದು. 2014ರ ಕಾನೂನು ಕೇಳುವುದು ಅಮೆರಿಕದೊಳಗಿನ ದಾಖಲೆಗಳನ್ನು ಮಾತ್ರ. ಹಾಗಾಗಿ ‘ತಪಾಸಣೆಯಾಗಿದೆ’ ಎಂಬ ಫಲಕ ನೋಡಿ ನಿಶ್ಚಿಂತರಾಗುವ ನಮ್ಮ ಪೋಷಕರು, ಹೇಳದೆ ಕೇಳದೆ ಮಧ್ಯಾಹ್ನ ಹೊತ್ತಿಗೆ ಹೋಗಿ ನೋಡುವ ಹಳೆಯ ಅಭ್ಯಾಸ ಬಿಡದಿರುವುದು ಒಳ್ಳೆಯದು. ಕೇಂದ್ರಗಳ ಮೇಲಿನ ತಪಾಸಣಾ ವರದಿಗಳನ್ನು ರಾಜ್ಯಗಳು ಅಂತರ್ಜಾಲದಲ್ಲಿ ಹಾಕಬೇಕೆಂದು ಅದೇ 2014ರ ಕಾನೂನು ಹೇಳಿದೆ. ಅದನ್ನು ಓದಲು ದುಡ್ಡಿಲ್ಲ, ಓದುವವರು ಕಡಿಮೆ.

ಹಾಗಾದರೆ ಯಾರು ಕಟ್ಟಬೇಕು? ಕೇಂದ್ರಗಳೇ ಕಟ್ಟಲಿ ಎಂದರೆ ಅವು ಪೋಷಕರ ಶುಲ್ಕ ಏರಿಸುತ್ತವೆ; ಅಮೆರಿಕದ ಎಷ್ಟೋ ಊರುಗಳಲ್ಲಿ ಡೇಕೇರ್ ಶುಲ್ಕ ಈಗಾಗಲೇ ಮನೆಬಾಡಿಗೆಯ ಜೊತೆ ಪೈಪೋಟಿ ನಡೆಸುತ್ತಿದೆ. ನನ್ನ ಪ್ರಕಾರ ಇದಕ್ಕೆ ಉತ್ತರವು ಕ್ಯಾಲಿಫೋರ್ನಿಯಾದಲ್ಲೇ ಇದೆ. ಪರವಾನಗಿ ಬೇಕಿಲ್ಲದ ಮನೆಗೆಲಸದ ಆಯಾಗಳು, ನೆರೆಮನೆಯ ಪಾಲಕಿಯರ ತಪಾಸಣೆಗೆ 1987ರಲ್ಲಿ ಆ ರಾಜ್ಯ ಟ್ರಸ್ಟ್‌ಲೈನ್ ಎಂಬ ನೋಂದಣಿಯನ್ನು ಕಾನೂನಿನ ಮೂಲಕ ತಂದಿತು. ಸರ್ಕಾರಿ ನೆರವಿನಿಂದ ಬಡ ಮಕ್ಕಳನ್ನು ನೋಡಿಕೊಳ್ಳುವವಳಾದರೆ ಅವಳ ಟ್ರಸ್ಟ್‌ಲೈನ್ ಖರ್ಚು ಸಾರ್ವಜನಿಕ ಹಣದಿಂದ ಹೋಗುತ್ತದೆ. ಅನುಕೂಲಸ್ಥರ ಮನೆಯ ಆಯಾ ಆದರೆ ಅವಳೋ ಅವಳನ್ನು ಕೆಲಸಕ್ಕಿಟ್ಟುಕೊಂಡವರೋ ಕಟ್ಟುತ್ತಾರೆ. ಎರಡಕ್ಕೂ ನೋಡುವುದು ಅದೇ ಕಡತಗಳನ್ನು. ಕಟ್ಟುವ ಶಕ್ತಿ ಇದ್ದವರು ಕಟ್ಟಲಿ, ಇಲ್ಲದವರದ್ದನ್ನು ಸರ್ಕಾರ ನೋಡಿಕೊಳ್ಳಲಿ ಎಂಬ ಈ ಸಾಮಾನ್ಯ ಬುದ್ಧಿಯನ್ನು ಮನೆ ಡೇಕೇರುಗಳಿಗೂ ಸಣ್ಣ ಕೇಂದ್ರಗಳಿಗೂ ಹಬ್ಬಿಸಿದರೆ ಆಯಿತು. ಹಣಕ್ಕೆ ಹೊಸ ತೆರಿಗೆ ಬೇಕಿಲ್ಲ. 2014ರ ಕಾನೂನಿನ ಪ್ರಕಾರವೇ ರಾಜ್ಯಗಳು ಅನುದಾನದ ನೂರಕ್ಕೆ ಒಂಬತ್ತರಷ್ಟನ್ನು ಗುಣಮಟ್ಟ ಸುಧಾರಣೆಗೆ, ಇನ್ನೂ ಮೂರರಷ್ಟನ್ನು ಎಳೆಗೂಸುಗಳ ಆರೈಕೆಗೆಂದು ತೆಗೆದಿಡಬೇಕು. ಬೆರಳಚ್ಚು ಗುಣಮಟ್ಟವಲ್ಲದಿದ್ದರೆ ಮತ್ತೇನು?

ಜೊತೆಗೆ ಒಮ್ಮೆ ಕಟ್ಟಿದ್ದು ಅವಳ ಜೊತೆ ಹೋಗುವಂತಿರಬೇಕು. ಐದು ವರ್ಷದೊಳಗೆ ಅದೇ ರಾಜ್ಯದಲ್ಲಿ ತಪಾಸಣೆಯಾಗಿದ್ದು, ಕೆಲಸ ಬಿಟ್ಟು 180 ದಿನ ದಾಟಿರದಿದ್ದರೆ ಹೊಸ ಕೇಂದ್ರ ಮತ್ತೆ ಮಾಡಿಸಬೇಕಿಲ್ಲ ಎಂದು ಈಗಲೇ ಇದೆ. ಹೆರಿಗೆಗೆಂದು ಏಳು ತಿಂಗಳು ಬಿಟ್ಟವಳು ಮಾತ್ರ ಮತ್ತೆ ಮೊದಲಿನಿಂದ ಶುರುಮಾಡಬೇಕು. ಮಕ್ಕಳನ್ನು ನೋಡಿಕೊಳ್ಳುವ ಕಸುಬಿನ ನಿಯಮ ಬರೆದವರಿಗೆ ಹೆರಿಗೆ ನೆನಪಾಗಲಿಲ್ಲ! ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಪರವಾನಗಿ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ಐದು ವರ್ಷ ಎಲ್ಲಿ ಕೆಲಸ ಮಾಡಿದರೂ ನಡೆಯುತ್ತದೆ, ನಡುವೆ ಹೊಸ ಅಪರಾಧ ದಾಖಲಾದರೆ ಇಲಾಖೆಗೆ ತಾನಾಗಿ ಸುದ್ದಿ ಹೋಗುತ್ತದೆ. ಅಲ್ಲೂ ಸಂಬಳದವರು ಶುಲ್ಕ ಕಟ್ಟಬೇಕು, ಸ್ವಯಂಸೇವಕರಿಗೆ ಉಚಿತ. ಆ ಪಕ್ಷಪಾತ ಅಲ್ಲಿಗೂ ದಾಟಿದೆ. ಆದರೆ ಕೆಲಸ ಬದಲಿಸಿದಾಗಲೆಲ್ಲ ಕಟ್ಟುವ ಪಾಡಿಲ್ಲ.

ನಮ್ಮಲ್ಲೂ ಈ ಪ್ರಶ್ನೆ ಬಾಗಿಲಿಗೆ ಬಂದಿದೆ, ಯಾರೂ ಅಷ್ಟಾಗಿ ಗಮನಿಸಿಲ್ಲ. 2020ರ ಮಾರ್ಚಿನಿಂದ ಜಾರಿಯಲ್ಲಿರುವ ಪೋಕ್ಸೋ ನಿಯಮಗಳ ಪ್ರಕಾರ ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ ಮುಂತಾಗಿ ಮಕ್ಕಳ ಸಂಪರ್ಕವಿರುವ ಯಾವ ಸಂಸ್ಥೆಯಾದರೂ ತನ್ನ ಪ್ರತಿಯೊಬ್ಬ ಸಿಬ್ಬಂದಿಯ, ಗುತ್ತಿಗೆಯವರದ್ದೂ ಸೇರಿ, ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು. ಎಷ್ಟು ಕಾಲಕ್ಕೊಮ್ಮೆ ಎಂದಿಲ್ಲ. ಯಾರ ಖರ್ಚಿನಲ್ಲಿ ಎಂದೂ ಇಲ್ಲ. 2018ರಲ್ಲಿ ಶುರುವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಪೊಲೀಸರಿಗೆ ಮಾತ್ರ ತೆರೆದಿದೆ, ಆದ್ದರಿಂದ ಸಂಸ್ಥೆಗಳಿಗೆ ಠಾಣೆಯೇ ಗತಿ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ಕೂಸುಗಳಿಗೆ ಜಾಗ ಮಾಡಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿದ ಮೇಲೆ ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಕೇಂದ್ರಗಳು ಹೆಚ್ಚಿದವು. ಕರ್ನಾಟಕ ಸರ್ಕಾರ 2023-24ರ ಬಜೆಟ್ಟಿನಲ್ಲಿ ನರೇಗಾ ಕೂಲಿಕಾರ ತಾಯಂದಿರಿಗಾಗಿ ಸುಮಾರು 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಟೆಕ್ ಪಾರ್ಕಿನ ಗುತ್ತಿಗೆದಾರ ಈ ಪರಿಶೀಲನೆಯ ಖರ್ಚನ್ನು ಟೆಂಡರಿನಲ್ಲಿ ಸೇರಿಸಿಕೊಳ್ಳಬಲ್ಲ. ಹಳ್ಳಿಯ ಕೂಸಿನ ಮನೆಯಲ್ಲಿ ಮಕ್ಕಳನ್ನು ತೂಗುವವಳು ದಿನಗೂಲಿಯವಳು. ಅರ್ಜಿ, ತಾಲೂಕಿಗೆ ಬಸ್ಸು, ಕಳೆದ ಕೂಲಿ, ಇಷ್ಟನ್ನು ಪಂಚಾಯಿತಿಯ ಲೆಕ್ಕದಲ್ಲೇ ಬರೆಯುವುದೆಂದು ಈಗಲೇ ಒಂದು ಸುತ್ತೋಲೆ ಹೊರಡಿಸಿದರೆ ಕ್ಯಾಲಿಫೋರ್ನಿಯಾ ಹದಿನಾಲ್ಕು ಬಜೆಟ್ಟುಗಳಲ್ಲಿ ಮಾಡಲಾರದ್ದನ್ನು ನಾವು ಒಂದು ಪುಟದಲ್ಲಿ ಮಾಡಬಹುದು.